ನಾಣ್ಯ ತೊಳೆದು ತರಬೇಡಿ

ಮೇಷ್ಟ್ರು ತೀರಿಕೊಂಡ ದಿನ ತುಮಕೂರಿನ ಶೆಟ್ಟಿಹಳ್ಳಿಯ ಅವರ ಮನೆ ಮುಂದೆ ಶಾಮಿಯಾನ ಹಾಕಿಸಿ, ಬಂದವರನ್ನು ಕೂರಿಸಿ, ನಮ್ಮ ಮನೆಯಿಂದ ಕಾಫಿ ತರಿಸಿ ಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹನ್ನೊಂದು ಗಂಟೆ ಹೊತ್ತಿಗೆ ಒಬ್ಬ ಬೈಕ್ ನಿಲ್ಲಿಸಿ ಬಂದ. ಹೆಲ್ಮೆಟ್ ತೆಗೆದ, ಚಪ್ಪಲಿ ಬಿಟ್ಟ, ಒಳಗೆ ಹೋಗಿ ಕೈಮುಗಿದು ಎರಡು ನಿಮಿಷ ತಲೆ ತಗ್ಗಿಸಿ ನಿಂತ. ಹೊರಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಕಾಫಿ ಕುಡಿದು ಮುಗಿಸಿ, ಆಮೇಲೆ ಮೆಲ್ಲಗೆ ಕೇಳಿದ.

"ಸಾ, ಇವ್ರು ಹೋದ್ಮೇಲೆ ಇಲ್ಲಿ ಕಾಯಿನ್ ಇನ್ಯಾರು ನೋಡ್ತಾರೆ?"

ಅವನು ಬಂದದ್ದು ಸಾವಿಗಲ್ಲ. ಹತ್ತಿರದ ಕೋರ ಎಂಬ ಊರಿನಿಂದ ನಾಣ್ಯ ತೋರಿಸಲು ಬಂದಿದ್ದ, ಇಲ್ಲಿ ನೋಡಿದರೆ ಶಾಮಿಯಾನ. ಬಂದ ಮೇಲೆ ಕೈಮುಗಿಯದೆ ಹೋಗುವುದು ಹೇಗೆ ಎಂದು ಒಳಗೆ ಹೋಗಿದ್ದನಂತೆ. ಜೇಬಿನಿಂದ ಕರ್ಚೀಫಿನ ಗಂಟು ತೆಗೆದು ಬಿಚ್ಚಿದ. ಒಂದು ರೂಪಾಯಿ ಬಿಸಿಲಿಗೆ ಥಳಥಳ ಹೊಳೆಯಿತು. ಮೂಗಿನ ಹತ್ತಿರ ಹಿಡಿದೆ. ಹುಣಸೆಹಣ್ಣಿನ ವಾಸನೆ.

"ತೊಳ್ಕೊಂಡು ತಂದಿದೀಯಾ?" ಅಂದೆ.

"ಹೂಂ ಸಾ. ದೊಡ್ಡೋರ ತಾವ ಕೊಳಕು ಕಾಯಿನ್ ಹೆಂಗ್ ತರೋದು?"

ನನಗೆ ನಗು ತಡೆಯಲಾಗಲಿಲ್ಲ. ಸಾವಿನ ಮನೆ ಮುಂದೆ ನಕ್ಕರೆ ಜನ ಏನಂದುಕೊಳ್ಳುತ್ತಾರೆ ಎಂದು ಟವೆಲನ್ನು ಬಾಯಿಗೆ ಒತ್ತಿಕೊಂಡೆ. ಹೆಗಲು ಕುಲುಕುವುದನ್ನು ನೋಡಿದವರು ಪಾಪ ಅಳುತ್ತಿದ್ದಾನೆ ಎಂದುಕೊಂಡರು. ಅದೂ ಪೂರ್ತಿ ಸುಳ್ಳಾಗಿರಲಿಲ್ಲ. ಹನ್ನೊಂದು ದಿನ ಕಳೆದ ಮೇಲೆ ಬಾ, ಯಾರಾದರೂ ಇದ್ದಾರೇನೋ ವಿಚಾರಿಸಿ ಹೇಳುತ್ತೇನೆ ಎಂದು ಅವನನ್ನು ಕಳಿಸಿದೆ. ಯಾರೂ ಇಲ್ಲವೆಂದು ನನಗೆ ಗೊತ್ತಿತ್ತು.

ಅವನು ಕೂತಿದ್ದ ಕುರ್ಚಿಯ ಹಿಂದೆಯೇ, ವೆರಾಂಡದ ಕಂಬಕ್ಕೆ, ರಟ್ಟಿನ ಬೋರ್ಡೊಂದು ನೇತಾಡುತ್ತಿತ್ತು. ಮೇಷ್ಟ್ರ ದುಂಡನೆಯ ಅಕ್ಷರ: "ನಾಣ್ಯ ತೊಳೆದು ತರಬೇಡಿ." ಹದಿನೈದು ವರ್ಷ ಜನ ಆ ಬೋರ್ಡನ್ನು ಓದಿಕೊಂಡೇ, ತೊಳೆದ ನಾಣ್ಯ ಹಿಡಿದುಕೊಂಡು ಒಳಗೆ ಹೋದರು.

ಮೇಷ್ಟ್ರು ಎನ್ನುತ್ತಿದ್ದೇನೆ, ಆದರೆ ಅವರು ಒಂದು ದಿನವೂ ಪಾಠ ಮಾಡಿದವರಲ್ಲ. ತುಮಕೂರಿನ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಅಟೆಂಡರ್ ಆಗಿ ಸೇರಿ, ಅಟೆಂಡರ್ ಆಗಿಯೇ ರಿಟೈರಾದವರು. ದಿನಾ ಸ್ಕೂಟರಿನಲ್ಲಿ ನಿಟ್ಟೂರಿಗೆ ಹೋಗಿ ಮಕ್ಕಳ ಮುಂದೆ ಗಂಟಲು ಹರಿದುಕೊಳ್ಳುವ ಅಸಲಿ ಮೇಷ್ಟ್ರು ನಾನು. ಆದರೂ ನಮ್ಮ ಬೀದಿಯಲ್ಲಿ ಮೇಷ್ಟ್ರು ಎಂದರೆ ಅವರೇ. ನಾನು ಬರೀ "ಮೇಷ್ಟ್ರ ಮನೆಯಿಂದ ಮೂರನೇ ಮನೆಯವನು". ಈ ಅನ್ಯಾಯವನ್ನು ಒಮ್ಮೆ ಅವರ ಹತ್ತಿರವೇ ಹೇಳಿಕೊಂಡೆ.

"ನೀನು ಪಾಠ ಹೇಳ್ತೀಯ ಕಣಯ್ಯ, ನಾನು ರಿಸಲ್ಟ್ ಹೇಳ್ತೀನಿ. ಜನಕ್ಕೆ ಬೇಕಿರೋದು ರಿಸಲ್ಟು" ಅಂದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಯಾರೋ ಪತ್ರಿಕೆಯವರು ಫೋಟೋ ತೆಗೆಯಲು ಬಂದಾಗ ಈ ಮನುಷ್ಯ ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡು, ಅವರು ಹೋಗುವವರೆಗೂ ಹೊರಗೆ ಬರಲಿಲ್ಲ. ಅಂಥವರ ಹೆಸರನ್ನು ಈಗ ಅಚ್ಚು ಹಾಕಿಸುವುದು ಸರಿಯಲ್ಲ.

ಅವರ ಆಸ್ತಿಯೆಂದರೆ ಗಾಜಿನ ಪೆಟ್ಟಿಗೆಯೊಳಗಿನ ಒಂದು ತಕ್ಕಡಿ. ಕಾಲೇಜಿಗೆ ಎಲೆಕ್ಟ್ರಾನಿಕ್ ತಕ್ಕಡಿಗಳು ಬಂದಾಗ ಹಳೆಯವು ಗುಜರಿಗೆ ಹೋದವು. ಮೂವತ್ತು ವರ್ಷ ಒರೆಸಿ ಇಟ್ಟ ಸಾಮಾನು ಗುಜರಿ ಅಂಗಡಿಯಲ್ಲಿ ಹಳೇ ಸೈಕಲ್ಲಿನ ಕೆಳಗೆ ಬಿದ್ದಿರುವುದನ್ನು ನೋಡಿ ಇವರಿಗೆ ಸಂಕಟವಾಗಿ, ಒಂದನ್ನು ಕೊಂಡು ಆಟೋದಲ್ಲಿ ಮನೆಗೆ ತಂದರು. ಕಡಲೆಕಾಳಿನಷ್ಟು ಚಿಕ್ಕ ಹಿತ್ತಾಳೆಯ ತೂಕದ ಬೊಟ್ಟುಗಳು, ಅವನ್ನು ಎತ್ತಿಡಲು ಒಂದು ಚಿಮುಟ. ಕೈಯಲ್ಲಿ ಮುಟ್ಟಿದರೆ ಕೈಯ ಬೆವರೂ ತೂಕಕ್ಕೆ ಬರುತ್ತದೆ ಎನ್ನುತ್ತಿದ್ದರು. ತೂಗುವಾಗ ಗಾಳಿ ಆಡಬಾರದು. ಹಾಗಾಗಿ ನಾಣ್ಯ ಹಿಡಿದು ಬಂದವರ ಕಿವಿಗೆ ಮೊದಲು ಬೀಳುತ್ತಿದ್ದ ಮಾತು ನಮಸ್ಕಾರವಲ್ಲ, "ಫ್ಯಾನ್ ಆಫ್ ಮಾಡು". ಏಪ್ರಿಲ್ ತಿಂಗಳಲ್ಲಿ ತುಮಕೂರಿನ ಸೆಕೆ ಗೊತ್ತಿದ್ದವರಿಗೆ ಇದರ ಅರ್ಥ ಆಗುತ್ತದೆ. ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ, "ಬೆಳ್ಳಿ ಕರಗೋಕೆ ಮುಂಚೆ ನಾನೇ ಕರಗೋಗ್ತೀನಿ" ಅನ್ನುತ್ತಿದ್ದರು. ಸೆರಗು ಬೀಸಿದರೂ ಮೇಷ್ಟ್ರು ತಿರುಗಿ ನೋಡುತ್ತಿದ್ದರು.

ಎರಡನೆಯದು ಪ್ರಶ್ನೆ. ಡಾಕ್ಟರು ಕೇಳಿದ ಹಾಗೆ ಕೇಳುತ್ತಿದ್ದರು. ಯಾರ ಮನೇದು? ಎಷ್ಟು ವರ್ಷದಿಂದ ಇದೆ? ಯಾವ ಡಬ್ಬೀಲಿತ್ತು? ಇದಕ್ಕೆಲ್ಲ ಉತ್ತರ ಬರುವವರೆಗೆ ನಾಣ್ಯ ಮುಟ್ಟುತ್ತಿರಲಿಲ್ಲ. ಆಮೇಲೆ ಅಂಚನ್ನು ಉಗುರಿನಲ್ಲಿ ಸವರುವುದು, ಕಡಪ ಕಲ್ಲಿನ ಮೇಲೆ ಒಂದು ಸಲ ಬೀಳಿಸಿ ಠಣ್ ಎನ್ನುವುದನ್ನು ಕೇಳುವುದು, ತೂಗುವುದು. ಕೊನೆಗೆ ನಾಣ್ಯವನ್ನು ಸಣ್ಣ ದಾರದಲ್ಲಿ ಕಟ್ಟಿ ಲೋಟದ ನೀರಿನೊಳಗೆ ಇಳಿಬಿಟ್ಟು ಇನ್ನೊಮ್ಮೆ ತೂಗುವುದು. ನೀರೊಳಗೆ ಎಲ್ಲ ಲೋಹವೂ ಸ್ವಲ್ಪ ಹಗುರವಾಗುತ್ತದೆ. ಬೆಳ್ಳಿ ಜಾಸ್ತಿ ಇದ್ದರೆ ಕಡಿಮೆ ಹಗುರ, ತಾಮ್ರ ಬೆರೆತಿದ್ದರೆ ಇನ್ನೂ ಹಗುರ. ಆ ವ್ಯತ್ಯಾಸ ಒಂದು ಅಕ್ಕಿಕಾಳಿನಷ್ಟೂ ಇರುವುದಿಲ್ಲ, ಅದನ್ನು ಹಿಡಿಯುವುದೇ ಆ ಗಾಜಿನ ಪೆಟ್ಟಿಗೆಯ ಹೆಚ್ಚುಗಾರಿಕೆ.

"ಕಣ್ಣು ಸುಳ್ಳು ಹೇಳುತ್ತೆ. ಕಿವಿ ಅರ್ಧ ಸುಳ್ಳು ಹೇಳುತ್ತೆ. ನೀರು ಹೇಳಲ್ಲ" ಎನ್ನುವುದು ಅವರ ಖಾಯಂ ಮಾತು.

ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಗುಬ್ಬಿಯ, ಕುಣಿಗಲ್ಲಿನ ಬೆಳ್ಳಿ ಅಂಗಡಿಯವರು ಕೂಡ ಅನುಮಾನ ಬಂದ ನಾಣ್ಯಗಳನ್ನು ಇವರ ಹತ್ತಿರ ಕಳಿಸುತ್ತಿದ್ದರು. ಹಬ್ಬಕ್ಕೆ ಒಂದು ಡಬ್ಬ ಸ್ವೀಟ್ ಕಳಿಸಿದರೆ ಬೇಡವೆನ್ನುತ್ತಿರಲಿಲ್ಲ. ಸ್ವೀಟಿನ ಡಬ್ಬವನ್ನೂ ಒಮ್ಮೆ ತೂಗಿಯೇ ಒಳಗಿಡುತ್ತಿದ್ದರು.

ಅವರಿಗೆ ಸಿಟ್ಟು ಬರುತ್ತಿದ್ದದ್ದು ಒಂದೇ ವಿಷಯಕ್ಕೆ, ತೊಳೆಯುವುದಕ್ಕೆ. ಅದರಲ್ಲೂ ವಿಭೂತಿ ಹಾಕಿ ಉಜ್ಜುವುದಕ್ಕೆ. ನಮ್ಮ ಶಿವಭಕ್ತರ ಮನೆಗಳಲ್ಲಿ ವಿಭೂತಿಗೆ ಬರವೇ? ಹಣೆಗೆ ಆದಮೇಲೆ ಉಳಿದದ್ದೆಲ್ಲ ಬೆಳ್ಳಿಗೆ. ಹೆಣ್ಣು ನೋಡಲು ಬಂದಾಗ ಹುಡುಗಿಗೆ ಮುಖ ತೊಳೆಸಿಯೇ ಹೊರಗೆ ಕಳಿಸುವ ಜನ ನಾವು. ಮನೆಯ ಲಕ್ಷ್ಮಿಯನ್ನು ಪರರ ಮುಂದೆ ಕಪ್ಪು ಮುಖದಲ್ಲಿ ಇಡುತ್ತೇವೆಯೇ? ಆದರೆ ಹಳೇ ನಾಣ್ಯ ಕೊಳ್ಳುವವರಿಗೆ ಬೇಕಾದದ್ದು ಆ ಕಪ್ಪೇ. ತಿಕ್ಕಿದ ನಾಣ್ಯಕ್ಕೆ ಬರೀ ಬೆಳ್ಳಿಯ ಬೆಲೆ, ತಿಕ್ಕದ ನಾಣ್ಯಕ್ಕೆ ವಯಸ್ಸಿನ ಬೆಲೆ.

ಒಂದು ಸಲ ಕುಣಿಗಲ್ಲಿನ ವ್ಯಾಪಾರಿಯೊಬ್ಬ ಒಂದು ರೂಪಾಯಿ ತಂದ. ಬ್ರಿಟಿಷರ ಕಾಲದ್ದು, ಅದರಲ್ಲಿ ಅವರ ರಾಜನ ಅಂಗಿಯ ಮೇಲೆ ಪುಟ್ಟದೊಂದು ಆನೆ ಇರುತ್ತದೆ. ಆ ಕಾಲದಲ್ಲಿ ಜನಕ್ಕೆ ಅದು ಹಂದಿಯ ಹಾಗೆ ಕಂಡು ದೊಡ್ಡ ಗಲಾಟೆಯಾಗಿ, ಸರ್ಕಾರದವರು ಬಹಳಷ್ಟನ್ನು ವಾಪಸು ತೆಗೆದುಕೊಂಡು ಕರಗಿಸಿದರು. ಅದಕ್ಕೇ ಉಳಿದವಕ್ಕೆ ಈಗ ಒಳ್ಳೆಯ ಬೆಲೆ. ಮೇಷ್ಟ್ರು ಭೂತಗನ್ನಡಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. ವ್ಯಾಪಾರಿಯ ಅಜ್ಜಿ ಪ್ರತಿ ಶುಕ್ರವಾರ ವಿಭೂತಿ ಹಾಕಿ ಉಜ್ಜಿದ್ದರಂತೆ.

"ಸೊಂಡಿಲೂ ಇಲ್ಲ, ಮೂತೀನೂ ಇಲ್ಲ. ಆನೆಯೋ ಹಂದಿಯೋ ಅಂತ ಅಷ್ಟು ಜನ ಜಗಳ ಆಡಿದ್ರಲ್ಲಪ್ಪ, ನಿಮ್ಮಜ್ಜಿ ಆ ಜಗಳಾನೇ ಒರೆಸಾಕವ್ರೆ" ಅಂದರು.

ವಾಟ್ಸಾಪ್ ಬಂದ ಮೇಲೆ ಅವರ ವೆರಾಂಡ ಆಸ್ಪತ್ರೆಯಂತಾಯಿತು. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತಾರಂತೆ ಎಂದು ಬರುವವರು, ದೇವಿಯ ಚಿತ್ರದ ಐದು ರೂಪಾಯಿ ಬಿಲ್ಲೆಗೆ ಕಾರು ಬರುತ್ತದಂತೆ ಎಂದು ಬರುವವರು. ಅಂಥವರಿಗೆ ಮೇಷ್ಟ್ರು ನಾಣ್ಯವನ್ನು ಎರಡೂ ಕಡೆ ಗಂಭೀರವಾಗಿ ನೋಡಿ, "ಇದಕ್ಕೆ ಐದು ರೂಪಾಯಿ ಬೆಲೆ ಇದೆ. ಮೂಲೆ ಅಂಗಡೀಲಿ ಕೊಟ್ಟು ನೋಡಿ, ಬಿಸ್ಕತ್ ಪೊಟ್ಟಣ ಕೊಡ್ತಾನೆ" ಎಂದು ಹೇಳಿ ಕಳಿಸುತ್ತಿದ್ದರು.

ಮತ್ತೊಮ್ಮೆ ಕಾರಿನಲ್ಲಿ ನಾಲ್ಕು ಜನ ಬಂದರು. ಅವರ ಹತ್ತಿರ ತಾಮ್ರದ ದೊಡ್ಡ ನಾಣ್ಯ, ಒಂದು ಕಡೆ ಹನುಮಂತ, ಇನ್ನೊಂದು ಕಡೆ ಇಂಗ್ಲಿಷು. ಅದಕ್ಕೆ ಅಕ್ಕಿಯನ್ನು ತನ್ನ ಕಡೆಗೆ ಎಳೆದುಕೊಳ್ಳುವ ಶಕ್ತಿ ಇದೆಯಂತೆ, ಕೋಟಿಗೆ ಮಾತಾಗಿದೆಯಂತೆ, ಇವರು ಒಂದು ಮಾತು ಹೂಂ ಅಂದರೆ ಸಾಕಂತೆ. ಮೇಷ್ಟ್ರು ಒಳಗಿಂದ ಒಂದು ತಟ್ಟೆ ಅಕ್ಕಿ ತರಿಸಿ ಪಕ್ಕದಲ್ಲಿಟ್ಟರು. ಫ್ಯಾನ್ ಆಫ್. ಐದು ಜನರೂ ಬೆವರು ಒರೆಸಿಕೊಳ್ಳುತ್ತಾ ಕಾಲು ಗಂಟೆ ಆ ಅಕ್ಕಿಯನ್ನೇ ನೋಡಿದರು. ಒಂದು ಕಾಳೂ ಕದಲಲಿಲ್ಲ.

"ಅಕ್ಕಿ ಬರಂಗೆ ಕಾಣ್ಸಲ್ಲ. ನೀವಾದ್ರೂ ಇಷ್ಟು ದೂರ ಬಂದಿದೀರ. ಇದೇ ಅಕ್ಕೀಲಿ ಚಿತ್ರಾನ್ನ ಮಾಡಿಸ್ತೀನಿ, ತಿನ್ಕೊಂಡು ಹೋಗಿ" ಅಂದರು. ನಾಲ್ಕರಲ್ಲಿ ಮೂವರು ಸಿಟ್ಟು ಮಾಡಿಕೊಂಡು ಕಾರಿನಲ್ಲಿ ಕೂತರು. ಒಬ್ಬ ನಿಜವಾಗಿಯೂ ಕೂತು ತಿಂದು ಹೋದ. ಮುಂದೆ ಆ ಕೆಲಸ ಬಿಟ್ಟು ಟೈಲ್ಸ್ ಅಂಗಡಿ ಹಾಕಿದನಂತೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಇದು ಎಷ್ಟು ನಿಜವೋ ನನಗೆ ಗೊತ್ತಿಲ್ಲ. ಬೆಳ್ಳಿಯ ವಿಷಯದಲ್ಲಿ ಸುಳ್ಳು ಹೇಳದವರು ಉಳಿದ ವಿಷಯದಲ್ಲಿ ಸ್ವಲ್ಪ ಬೆರೆಸುತ್ತಿದ್ದರು.

ಇಷ್ಟೆಲ್ಲ ಊರ ಬೆಳ್ಳಿ ನೋಡುವವರ ಮನೆಯ ದೇವರ ಮನೆಯಲ್ಲಿ ಒಂದು ಪುಟ್ಟ ಬೆಳ್ಳಿ ಚೊಂಬು ಇತ್ತು, ಅವರ ಹೆಂಡತಿಯ ತವರಿನದು. ಅದರಲ್ಲಿ ಬೆಳ್ಳಿ ಎಷ್ಟಿದೆ ಎಂದು ಒಮ್ಮೆ ಕೇಳಿದೆ. ಮೇಷ್ಟ್ರು ಗಾಬರಿಯಿಂದ ಅಡುಗೆಮನೆಯ ಕಡೆ ನೋಡಿದರು.

"ಮೆತ್ತಗೆ ಮಾತಾಡಯ್ಯ. ತವರಿನ ಬೆಳ್ಳಿ ಒರೆ ಹಚ್ಚೋ ಗಂಡಸು ಉದ್ಧಾರ ಆಗಿರೋದು ಎಲ್ಲಾದ್ರೂ ನೋಡಿದೀಯಾ? ತಿಳ್ಕೊಂಡು ನಾನೇನ್ ಮಾಡ್ಲಿ, ಮಧ್ಯಾಹ್ನ ಊಟ ಬೇಡ್ವಾ?"

ಆಗ ನಾನು ನಕ್ಕಿದ್ದೆ. ಆ ಮಾತಿನ ತೂಕ ಗೊತ್ತಾದದ್ದು ನಮ್ಮಮ್ಮನ ನಾಣ್ಯಗಳು ಅವರ ಮುಂದೆ ಬಂದಾಗ.

ಅಮ್ಮನ ತವರು ಕುಣಿಗಲ್. ಅವಳ ಅಪ್ಪ ಅಲ್ಲಿನ ಕುದುರೆ ಲಾಯಗಳಿಗೆ ಹುರುಳಿ ಒದಗಿಸುತ್ತಿದ್ದ ಸಣ್ಣ ವ್ಯಾಪಾರಿ. ಹುರುಳಿಗೆ ಬಂದ ಬೆಳ್ಳಿ ರೂಪಾಯಿಗಳಲ್ಲಿ ಹನ್ನೊಂದನ್ನು ಮಗಳ ಮದುವೆಗೆಂದೇ ಎತ್ತಿಟ್ಟು, ಗುಬ್ಬಿಗೆ ಕೊಟ್ಟು ಕಳಿಸುವಾಗ ಅವಳ ಮಡಿಲಿಗೆ ಹಾಕಿದ್ದರು. ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಚೊಚ್ಚಲ ಮಗುವಿಗೆ ಲಿಂಗಧಾರಣೆಯಾದಾಗ ಆ ಲಿಂಗವನ್ನಿಟ್ಟು ಕೊರಳಿಗೆ ಕಟ್ಟುವ ಕರಡಿಗೆಯ ಬೆಳ್ಳಿ ತಾಯಿಯ ತವರಿನಿಂದಲೇ ಬರಬೇಕು. ನಾನು ಹುಟ್ಟಿದಾಗ ಅಜ್ಜಿ, ಅಂದರೆ ಅಮ್ಮನ ಅತ್ತೆ, ಆ ಹನ್ನೊಂದನ್ನೂ ಅಕ್ಕಸಾಲಿಗನ ಹತ್ತಿರ ಕಳಿಸಿದರು. ಅವನು ಮೊದಲನೆಯದನ್ನು ಕರಗಿಸಿ ಕೈತಡೆದ. ಬೆಳ್ಳಗೆ ಬರಬೇಕಾದ ಗುಂಡು ಕೆಂಪಗೆ ಬಂದಿತ್ತು. ಉಳಿದ ಹತ್ತನ್ನು ವಾಪಸು ಕಳಿಸಿದ.

ಅಜ್ಜಿ ಆ ಕೆಂಪು ಗುಂಡನ್ನು ಬಾಣಂತಿಯ ಮುಂದೆ ಹಿಡಿದು, "ನೋಡಮ್ಮ, ನಿಮ್ಮಪ್ಪನ ಬೆಳ್ಳಿ ನಾಚ್ಕೊಂಡು ಕೆಂಪಗಾಗದೆ" ಅಂದರಂತೆ. ಅಪ್ಪನ ತಂಗಿ, ನನ್ನ ಗುಬ್ಬಿ ಅತ್ತೆ, ಆಗಿನ್ನೂ ಹದಿನೈದರ ಹುಡುಗಿ. ಅಮ್ಮನಿಗೆ "ಕೆಂಪು ಬೆಳ್ಳಿ" ಎಂದು ಹೆಸರಿಟ್ಟಳು. ನನಗೆ ಬೇರೆ ಬೆಳ್ಳಿ ತಂದು ಕರಡಿಗೆ ಮಾಡಿಸಿದರು. ಹೆಸರು ಮಾತ್ರ ಉಳಿದುಕೊಂಡಿತು. ಅಪ್ಪ ತುಮಕೂರಿಗೆ ಮನೆ ಮಾಡಿದ ಮೇಲೂ, ಅಜ್ಜಿ ತೀರಿಕೊಂಡ ಮೇಲೂ, ಮದುವೆ ಮುಂಜಿಗಳಲ್ಲಿ ಗುಬ್ಬಿ ಅತ್ತೆ ನಗುನಗುತ್ತಲೇ "ಕೆಂಪು ಬೆಳ್ಳಿ ಬಂತು, ಎಲೆ ಹಾಕಿ" ಎನ್ನುತ್ತಿದ್ದಳು. ಅಮ್ಮನೂ ನಗುತ್ತಿದ್ದಳು. ಆದರೆ ಆ ಹತ್ತು ನಾಣ್ಯಗಳನ್ನು ಐವತ್ತಕ್ಕೂ ಹೆಚ್ಚು ವರ್ಷ ರಾಗಿ ಡಬ್ಬದ ತಳದಲ್ಲಿ ಹುದುಗಿಸಿಟ್ಟಿದ್ದಳು. ಬೆಳ್ಳಿ ಮೇಷ್ಟ್ರು ಮೂರನೇ ಮನೆಯಲ್ಲಿದ್ದರೂ ಒಮ್ಮೆಯೂ ಹೊರಗೆ ತೆಗೆಯಲಿಲ್ಲ. ಹೋಗಿ ತೋರಿಸಿದರೆ, ಅವರೂ ಹೌದು ಇದು ಖೋಟಾ ಅಂದುಬಿಟ್ಟರೆ?

ಎರಡು ವರ್ಷದ ಹಿಂದೆ ನನ್ನ ಮಗಳಿಗೆ ಗಂಡು ಮಗುವಾಯಿತು. ಅವಳನ್ನು ಕೊಟ್ಟಿರುವುದು ಕುಣಿಗಲ್ಲಿಗೇ. ಈಗ ಕರಡಿಗೆ ಕೊಡಬೇಕಾದ ತವರು ನಮ್ಮದು. ಅಂಗಡಿಯಿಂದ ತಂದುಬಿಡೋಣ ಅಂದೆ. ಅಮ್ಮ ಒಪ್ಪಲಿಲ್ಲ.

"ನಮ್ಮಪ್ಪನ ಬೆಳ್ಳೀಲೇ ಆಗ್ಬೇಕು ಕಣೋ. ನಿನ್ನ ಕೊರಳಿಗಂತೂ ಬರ್ಲಿಲ್ಲ" ಅಂದಳು. ಮತ್ತೆ ತಾನೇ, "ಆದ್ರೆ ಅದೂ ಕೆಂಪಗೆ ಬಂದ್ರೆ ಆ ಮಗೂಗೂ ಇದೇ ಮಾತು ಅಂಟ್ಕೊಳ್ತದಲ್ಲೋ" ಅಂದಳು. ಆ ಮಗು ಎಂದರೆ ನನ್ನ ಮಗಳು. ಅಮ್ಮ ಅಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ತಾನೇ ಎದ್ದು ಮೇಷ್ಟ್ರ ಮನೆಗೆ ಹೊರಟಳು. ನಾಣ್ಯಗಳು ಕರ್ರಗೆ, ರಾಗಿ ಹಿಟ್ಟು ಮೆತ್ತಿಕೊಂಡು, ಹಳೇ ಬಟ್ಟೆಯಲ್ಲಿದ್ದವು. ಮೇಷ್ಟ್ರಿಗೆ ಪರಮಾನಂದವಾಯಿತು. "ತೊಳೀದೇ ತಂದಿರೋರು ಈ ಬೀದೀಲಿ ನೀವೊಬ್ರೇ ತಾಯಿ" ಅಂದರು. ತಿಳುವಳಿಕೆಯಿಂದ ತೊಳೆಯದೆ ಬಿಟ್ಟದ್ದಲ್ಲ, ನಾಚಿಕೆಯಿಂದ ಎಂದು ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಯಾರ ಮನೇದು, ಯಾವ ಡಬ್ಬೀಲಿತ್ತು ಎಂದು ಕೇಳಿದರು. ಅಮ್ಮ ಎಲ್ಲವನ್ನೂ ಹೇಳಿದಳು, ಕೆಂಪು ಗುಂಡು, ಆ ಹೆಸರು, ಎಲ್ಲವನ್ನೂ. ನನಗೇ ಅರ್ಧ ಕತೆ ಗೊತ್ತಾದದ್ದು ಅವತ್ತು.

ಫ್ಯಾನ್ ಆಫ್ ಆಯಿತು. ಹತ್ತು ನಾಣ್ಯಕ್ಕೆ ಒಂದೂವರೆ ಗಂಟೆ ಹಿಡಿಯಿತು. ಅಮ್ಮ ಕೈಕಟ್ಟಿಕೊಂಡು, ರಿಸಲ್ಟು ಕಾಯುವ ಎಸ್ಸೆಸ್ಸೆಲ್ಸಿ ಹುಡುಗಿಯಂತೆ ಕೂತಿದ್ದಳು. ಕೊನೆಗೆ ಮೇಷ್ಟ್ರು ಚಿಮುಟ ಕೆಳಗಿಟ್ಟರು.

"ಹತ್ತೂ ಒಂದೇ ಥರ. ಇದ್ರಲ್ಲಿ ಬೆಳ್ಳಿ ಅರ್ಧ."

ಅಮ್ಮನ ಮುಖ ಇಳಿದುಹೋಯಿತು. "ಅಂದ್ರೆ ನಮ್ಮಪ್ಪ ಅರ್ಧ ಮೋಸ ಮಾಡ್ದ ಅಂತಲೇ ಮೇಷ್ಟ್ರೇ?"

"ನಿಮ್ಮಪ್ಪ ಅಲ್ಲ ತಾಯಿ, ರಾಜ!" ಎಂದು ಮೇಷ್ಟ್ರು ಮೇಜು ಕುಟ್ಟಿದರು. ತಕ್ಕಡಿ ಇದ್ದ ಮೇಜನ್ನು ಅವರು ಕುಟ್ಟಿದ್ದು ಅದೊಂದೇ ಸಲ. "ಎರಡನೇ ಮಹಾಯುದ್ಧ ನಡೀತಿತ್ತು. ಬೆಳ್ಳಿ ಸಿಕ್ತಿರ್ಲಿಲ್ಲ. ಅದಕ್ಕೆ ಸರ್ಕಾರದೋರೇ ಟಂಕಸಾಲೇಲಿ ಅರ್ಧ ಬೆಳ್ಳಿ ಹಾಕಿ, ಉಳಿದಿದ್ದಕ್ಕೆ ತಾಮ್ರ ಗೀಮ್ರ ಬೆರೆಸಿ ರೂಪಾಯಿ ಮಾಡಿದ್ರು. ಕರಗಿಸಿದ್ರೆ ಕೆಂಪಗೆ ಬರ್ದೆ ಇನ್ನೇನಾಗುತ್ತೆ? ಇಲ್ಲಿ ನೋಡಿ, ಅಂಚಿನ ಹಲ್ಲುಗಳ ಮಧ್ಯ ಸುತ್ತಾನೂ ಒಂದು ಕಾಲುವೆ ಇದೆ. ಖೋಟಾ ಮಾಡೋರಿಗೆ ಕಷ್ಟ ಆಗ್ಲಿ ಅಂತ ಹಾಕಿದ ಕಾಲುವೆ ಇದು. 'ಒಂದು ರೂಪಾಯಿ' ಅಂತ ರಾಜನೇ ಬರೆದು ಕೊಟ್ಟಿದ್ದನ್ನ ಹುರುಳಿ ಮಾರೋರು ತಗೊಂಡು, ಹಂಗೇ ಮಗಳ ಮಡಿಲಿಗೆ ಹಾಕವ್ರೆ. ಸಾಚಾ ರೂಪಾಯಿ ತಾಯಿ ಇವು. ಒಂದಲ್ಲ, ಹತ್ತೂ ಸಾಚಾ."

ಅಮ್ಮ ಒಂದು ನಾಣ್ಯ ತೆಗೆದುಕೊಂಡು ಆ ಕಾಲುವೆಯನ್ನು ಉಗುರಿನಲ್ಲಿ ಸುತ್ತಲೂ ಸವರಿದಳು. ಆಮೇಲೆ ಅತ್ತಳು. ಎಪ್ಪತ್ತೈದು ದಾಟಿದ ಹೆಂಗಸು ಅಪ್ಪನನ್ನು ನೆನೆದು ಅಷ್ಟು ಸಂತೋಷದಿಂದ ಅಳುವುದನ್ನು ನಾನು ಮೊದಲ ಸಲ ನೋಡಿದೆ. ಮೇಷ್ಟ್ರು ಎದ್ದು ಹೋಗಿ ಸುಮ್ಮನೆ ಫ್ಯಾನ್ ಹಾಕಿದರು.

ಅತ್ತು ಮುಗಿದ ಮೇಲೆ ಅಮ್ಮ ಕೇಳಿದ್ದು ಒಂದೇ. "ಇದನ್ನೆಲ್ಲ ಒಂದು ಕಾಗ್ದದಲ್ಲಿ ಬರ್ಕೊಡಿ ಮೇಷ್ಟ್ರೇ. ಗುಬ್ಬೀಲಿ ತೋರಿಸ್ಬೇಕು."

ಮೇಷ್ಟ್ರು ಯಾರಿಗೂ ಕಾಗದ ಬರೆದುಕೊಟ್ಟವರಲ್ಲ. ಒಂದು ನಾಣ್ಯಕ್ಕೆ ಬರೆದುಕೊಟ್ಟ ಕಾಗದವನ್ನು ನಾಳೆ ಇನ್ನೊಂದಕ್ಕೆ ಅಂಟಿಸುತ್ತಾರೆ ಎನ್ನುತ್ತಿದ್ದರು. ತಕ್ಕಡಿಯನ್ನೂ ಮನೆಯ ಹೊಸಿಲು ದಾಟಿಸಿದವರಲ್ಲ. ಅಮ್ಮನ ಮುಖವನ್ನೊಮ್ಮೆ, ಗಾಜಿನ ಪೆಟ್ಟಿಗೆಯನ್ನೊಮ್ಮೆ ನೋಡಿದರು.

"ಕಾಗ್ದ ಬೇಡ. ತಕ್ಕಡೀನೇ ಗುಬ್ಬಿಗೆ ಬರುತ್ತೆ. ಮಗನಿಗೆ ಕಾರು ಹೇಳಕ್ಕೆ ಹೇಳಿ."

ಆ ಭಾನುವಾರ ನಾವು ಗುಬ್ಬಿಗೆ ಹೋದ ಚೆಂದವನ್ನು ನೋಡಬೇಕಿತ್ತು. ಹಿಂದಿನ ಸೀಟಿನಲ್ಲಿ ಮೇಷ್ಟ್ರು, ಅವರ ತೊಡೆಯ ಮೇಲೆ ಬೆಡ್‌ಶೀಟು ಸುತ್ತಿದ ಪೆಟ್ಟಿಗೆ. ರಸ್ತೆಯ ಪ್ರತಿ ಹಂಪ್‌ಗೂ ಡ್ರೈವರಿಗೆ, "ಮೆತ್ತಗೆ ಕಣಯ್ಯ, ಬಸುರಿ ಕೂತವಳೆ ಅನ್ಕೋ" ಎನ್ನುತ್ತಿದ್ದರು. ಅಮ್ಮ ನಾಣ್ಯದ ಗಂಟನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು.

ಗುಬ್ಬಿ ಅತ್ತೆಗೂ ಈಗ ಎಪ್ಪತ್ತು. ಆದರೆ ಬಾಯಿ ಹದಿನೈದರದ್ದೇ. ನಡುಮನೆಯಲ್ಲಿ ಮೇಜು ಜೋಡಿಸಿ, ಕಿಟಕಿ ಮುಚ್ಚಿ, ಫ್ಯಾನ್ ಆಫ್ ಮಾಡಿದ ತಕ್ಷಣ ನನ್ನ ಕಡೆ ತಿರುಗಿದಳು. "ಏನ್ಲಾ, ನನ್ ಮನೇಲಿ ನನ್ ಫ್ಯಾನ್ ಆರ್ಸಕ್ಕೆ ಈವಯ್ಯ ಯಾರ್ಲಾ?"

ಮೇಷ್ಟ್ರು ಬೇಸರ ಮಾಡಿಕೊಳ್ಳಲಿಲ್ಲ. ಅಮ್ಮನ ನಾಣ್ಯ ತೂಗಿದರು, ನೀರಿಗಿಳಿಸಿ ತೂಗಿದರು, ಯುದ್ಧದ ಕತೆಯನ್ನು ಮೊದಲಿಂದ ಹೇಳಿದರು. ಅತ್ತೆ ಎಲ್ಲ ಕೇಳಿಸಿಕೊಂಡು, "ಅರ್ಧ ತಾನೆ? ಅರ್ಧ ಅಂದ್ರೆ ಅರ್ಧ. ನಮ್ಮವ್ವ ಹೇಳಿದ್ರಲ್ಲಿ ಏನ್ ತಪ್ಪೈತೆ?" ಅಂದಳು. ಅಮ್ಮ ಸೆರಗು ಬಿಗಿ ಹಿಡಿದುಕೊಂಡಳು.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕೇಳಿದರು. "ನಿಮ್ಮ ದೇವರ ಮನೇಲಿ ಬೆಳ್ಳಿ ರೂಪಾಯಿ ಇದಾವಾ ತಾಯಿ?"

"ಇಲ್ದೆ? ಐದವೆ. ನಮ್ಮವ್ವ ನನ್ ಮದ್ವೇಲಿ ಕೊಟ್ಟಿದ್ದು. ಅಪ್ಪಟ" ಎನ್ನುತ್ತಾ ಅತ್ತೆ ಹೆಮ್ಮೆಯಿಂದ ಎದ್ದು ಹೋಗಿ ತಂದಿಟ್ಟಳು. ವಿಭೂತಿ ಹಚ್ಚಿ ತಿಕ್ಕಿ ತಿಕ್ಕಿ ಹಾಲಿನಂತಾಗಿದ್ದವು. ಬೆಳ್ಳಗಿರೋದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಮೇಷ್ಟ್ರು ಹೇಳಿಯಾರು ಎಂದು ನಾನು ಕಾದೆ. ಅವರು ಹೇಳಲಿಲ್ಲ. ನಾಣ್ಯಗಳನ್ನು ಮುಟ್ಟಲೂ ಇಲ್ಲ.

"ನನ್ ತಕ್ಕಡಿ ಬೇಡ. ನಿಮ್ಮ ಉಗುರಲ್ಲೇ ಅಂಚು ಸವರಿ ನೋಡಿ. ಕಾಲುವೆ ಸಿಕ್ಕಿದ್ದನ್ನ ಈ ಕಡೆ ಇಡಿ" ಅಂದರು.

ಅತ್ತೆ ಸವರಿದಳು. ಮೊದಲನೆಯದು ಆ ಕಡೆ. ಎರಡನೆಯದು ಈ ಕಡೆ. ಮೂರನೆಯದು ಈ ಕಡೆ. ನಾಲ್ಕನೆಯದು ಆ ಕಡೆ. ಐದನೆಯದನ್ನು ಎರಡು ಸಲ ಸವರಿ, ಅಮ್ಮನ ನಾಣ್ಯದ ಪಕ್ಕ ಹಿಡಿದು ನೋಡಿ, ಈ ಕಡೆ ಇಟ್ಟಳು. ಅದೇ ರಾಜ, ಅದೇ ಕಾಲುವೆ. ಅವಳಿಗೆ ನಂಬಿಕೆ ಬರಲೆಂದು ಮೇಷ್ಟ್ರು ಆ ಮೂರನ್ನು ನೀರಿಗಿಳಿಸಿಯೂ ತೋರಿಸಿದರು. ಅತ್ತೆ ಆ ಮೂರನ್ನೂ ಅಂಗೈಯಲ್ಲಿ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಹಂಗಾರೆ ನಮ್ಮವ್ವ ನಂಗೂ ಕೆಂಪು ಬೆಳ್ಳೀನೇ ಕೊಟ್ಟವ್ಳೆ" ಅಂದಳು ಕೊನೆಗೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಐವತ್ತು ವರ್ಷ ನುಂಗಿದ ಮಾತುಗಳೆಲ್ಲ ಈಗ ಅಮ್ಮನ ಬಾಯಿಂದ ಬರುತ್ತವೆ ಎಂದು ನಾನು ಕುರ್ಚಿಯ ತುದಿಗೆ ಬಂದೆ. ಅಮ್ಮ ಮುಂದೆ ಬಗ್ಗಿ ಅತ್ತೆಯ ಕೈ ಹಿಡಿದುಕೊಂಡಳು.

"ಬುಡವ್ವ. ನಿಮ್ಮವ್ವಂಗೆ ತಾನೆ ಏನ್ ಗೊತ್ತಿತ್ತು? ಗೊತ್ತಿದ್ರೆ ನಿಂಗೆ ಕೊಡ್ತಿದ್ರಾ? ನಮ್ಮಪ್ಪಂಗೂ ಹಂಗೇ ಗೊತ್ತಿರ್ಲಿಲ್ಲ. ನೀನು ಇಷ್ಟು ತಿಳ್ಕೊಂಡ್ರೆ ಸಾಕು."

ಅತ್ತೆ ಮೂಗೊರೆಸಿಕೊಂಡು, ಕಾಲುವೆ ಇದ್ದ ಮೂರನ್ನೂ ಎತ್ತಿ ಅಮ್ಮನ ಮಡಿಲಿಗೆ ಹಾಕಿದಳು. "ತಗೋ ಅತ್ತಿಗೆ, ಮಗೂ ಕರಡಿಗೆಗೆ ಇವೂ ಸೇರ್ಲಿ." ಆಮೇಲೆ ಉಳಿದ ಎರಡನ್ನು ಮುಷ್ಟಿಯಲ್ಲಿ ಹಿಡಿದು, "ಇವೆರಡು ಅಪ್ಪಟದ್ದು, ನಂಗಿರ್ಲಿ" ಅಂದಳು. ಮೇಷ್ಟ್ರು ನಕ್ಕಿದ್ದಕ್ಕೆ ಗಾಜಿನ ಪೆಟ್ಟಿಗೆಯೆಲ್ಲ ಅಲ್ಲಾಡಿತು.

ಈ ನಾಣ್ಯಗಳು ಲಕ್ಷಾಂತರ ಇವೆ, ಕೊಳ್ಳುವವರು ಹೆಚ್ಚೇನೂ ಕೊಡುವುದಿಲ್ಲ, ಧೈರ್ಯವಾಗಿ ಕರಗಿಸಿ ಎಂದು ಮೇಷ್ಟ್ರೇ ಹೇಳಿದರು. ಅಮ್ಮನ ಒಂಬತ್ತು, ಅತ್ತೆಯ ಮೂರು. ತುಮಕೂರಿನ ಅಕ್ಕಸಾಲಿಗ ತಾಮ್ರ ಬೇರೆ ಮಾಡಿ ಬೆಳ್ಳಿ ತೆಗೆದ, ಪುಟ್ಟ ಕರಡಿಗೆಗೆ ಧಾರಾಳವಾಯಿತು. ಹತ್ತನೆಯದನ್ನು ಮಾತ್ರ ಅಮ್ಮ ಕೊಡಲಿಲ್ಲ, ಹೂವಿನ ಡಬ್ಬಿಯಲ್ಲಿ ಇಟ್ಟುಕೊಂಡಳು. ಕರಡಿಗೆ ಕೈಗೆ ಬಂದ ದಿನ ಅದನ್ನು ಹಿಡಿದು ನೇರ ಮೇಷ್ಟ್ರ ವೆರಾಂಡಕ್ಕೆ ಹೋದಳು.

"ತೂಗಿ ನೋಡಿ ಮೇಷ್ಟ್ರೇ. ಈಗಲಾದ್ರೂ ಪೂರಾ ಬೆಳ್ಳಿ ಆಗೈತಾ ಹೇಳಿ."

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಕರಡಿಗೆಯನ್ನು ನೋಡಿದರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು.

"ತವರಿನ ಬೆಳ್ಳಿ ಒರೆ ಹಚ್ಚೋನಲ್ಲ ತಾಯಿ ನಾನು. ತಗೊಂಡೋಗಿ ಮಗೂಗೆ ಕಟ್ಟಿ."

ಆಮೇಲೆ ಅಮ್ಮನಿಗೆ ಅದೊಂದು ಚಟವಾಯಿತು. ಬೆಳಿಗ್ಗೆ ಪೂಜೆ ಮುಗಿಸಿ ಆ ವೆರಾಂಡದ ಮೂಲೆಯಲ್ಲಿ ಹೋಗಿ ಕೂರುವಳು. ಬಂದವರ ಕತೆ ಕೇಳುವಳು, ಅಂಚು ಸವರಿ ನೋಡುವಳು. "ನಿಮ್ಮಮ್ಮನ ಉಗುರು ನನ್ ಕಣ್ಣಿಗಿಂತ ಚುರುಕು ಕಣಯ್ಯ" ಎಂದು ಮೇಷ್ಟ್ರು ಹೇಳುತ್ತಿದ್ದದ್ದನ್ನು ನಾನು ಉಪಚಾರದ ಮಾತು ಎಂದುಕೊಂಡಿದ್ದೆ.

ಬೆಳ್ಳಿಗೆ ವಿಭೂತಿ ಬೇಡ ಬೇಡ ಎಂದು ಬಾಯಿ ಬಡಿದುಕೊಂಡ ಮನುಷ್ಯನಿಗೆ ನಾವು ಮೈತುಂಬ ವಿಭೂತಿ ಬಳಿದು, ಸಮಾಧಿಯಲ್ಲಿ ವಿಭೂತಿ ಗಟ್ಟಿಗಳನ್ನೇ ಜೋಡಿಸಿ ಕಳಿಸಿಕೊಟ್ಟೆವು. ಹನ್ನೊಂದನೇ ದಿನ ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಕರೆದು ಗಾಜಿನ ಪೆಟ್ಟಿಗೆ ತೋರಿಸಿದರು. "ಇದನ್ನ ತಗೊಂಡೋಗಪ್ಪ, ನಿಮ್ಮಮ್ಮಂಗೆ ಕೊಡು. ಇಷ್ಟು ವರ್ಷ ಇದ್ರಿಂದ ಬೆಂದಿದೀನಿ, ಇನ್ನಾದ್ರೂ ಫ್ಯಾನ್ ಹಾಕ್ಕೊಂಡು ಕೂರ್ತೀನಿ" ಎಂದು ನಗಲು ಹೋಗಿ ಕಣ್ಣೊರೆಸಿಕೊಂಡರು. ತಂದು ನಮ್ಮ ನಡುಮನೆಯ ಮೇಜಿನ ಮೇಲಿಟ್ಟೆ. ಅದು ಇನ್ನು ಬರೀ ನೆನಪಿಗೆ ಎಂದುಕೊಂಡೆ.

ನಿನ್ನೆ ಭಾನುವಾರ, ಕೋರದವನು ಮತ್ತೆ ಬಂದ, ಈ ಸಲ ನಮ್ಮ ಮನೆಗೆ. ಅದೇ ಬೈಕು, ಅದೇ ಕರ್ಚೀಫಿನ ಗಂಟು.

"ಸಾ, ಯಾರಾದ್ರೂ ಸಿಕ್ಕಿದ್ರಾ?"

ಇಲ್ಲಪ್ಪ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಕೋಣೆಯಿಂದ ಬಂದು ಮೇಜಿನ ಮುಂದೆ ಕೂತಳು. ಹೂವಿನ ಡಬ್ಬಿಯಿಂದ ತನ್ನ ಅಪ್ಪನ ರೂಪಾಯಿ ತೆಗೆದು ಪಕ್ಕದಲ್ಲಿಟ್ಟುಕೊಂಡಳು. ಅವನ ನಾಣ್ಯವನ್ನು ಮೂಸಿ ನೋಡಿ ಮುಖ ಗಂಟು ಹಾಕಿದಳು.

"ಹುಣಸೆಹಣ್ಣು. ಮೇಷ್ಟ್ರ ಬೋರ್ಡ್ ಓದಕ್ ಬರಲ್ವೇನಪ್ಪ ನಿಂಗೆ? ಇರ್ಲಿ, ಕೂತ್ಕೋ. ಇದು ಯಾರ ಮನೇದು, ಯಾವ ಡಬ್ಬೀಲಿತ್ತು, ಮೊದ್ಲು ಅದನ್ನ ಹೇಳು."

ಅವನು ಕೂತು, ಇದು ನಮ್ಮಜ್ಜಿ ತವರಿನದು ಎಂದು ಶುರು ಮಾಡಿದ. ಅಮ್ಮ ಉಗುರನ್ನು ಅಂಚಿಗಿಟ್ಟು, ತಲೆ ಎತ್ತದೆ ನನಗೆ ಹೇಳಿದಳು.

"ಏನ್ ನೋಡ್ತಾ ನಿಂತಿದೀಯೋ, ಫ್ಯಾನ್ ಆಫ್ ಮಾಡು."